ಹರಾಜು ಪಟ್ಟಿಯಲ್ಲಿಲ್ಲದ ಧೂಳು

ಸರ್ಕಾರಿ ಶಾಲೆಯ ಹಳೆ ಕೊಠಡಿಯೊಂದನ್ನು ಕೆಡವಲು ನಮ್ಮಲ್ಲಿ ಕಾಗದಪತ್ರಕ್ಕೇನೂ ಕೊರತೆಯಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಠರಾವು ಮಾಡಬೇಕು, ಮುಖ್ಯ ಶಿಕ್ಷಕರು ಬರೆಯಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ಅದನ್ನು ಮೇಲಕ್ಕೆ ಕಳಿಸಬೇಕು. ಎಂಜಿನಿಯರ್ ಬಂದು ಗೋಡೆಯ ಬಿರುಕು, ಗೆದ್ದಲು ಹಿಡಿದ ಪಕ್ಕಾಸು ನೋಡಿ ಕಟ್ಟಡ ಶಿಥಿಲವೆಂದು ಪ್ರಮಾಣಪತ್ರ ಕೊಡಬೇಕು. ಆಮೇಲೆ ಮೌಲ್ಯಮಾಪನ: ಮರಕ್ಕೆ ಇಷ್ಟು, ಹಂಚಿಗೆ ಇಷ್ಟು, ಬಾಗಿಲು ಕಿಟಕಿಗೆ ಇಷ್ಟು, ಕಬ್ಬಿಣಕ್ಕೆ ಇಷ್ಟು. ಕೊನೆಗೆ ಹರಾಜು. ಹೆಚ್ಚು ಕೂಗಿದವರು ಹಣ ಕಟ್ಟಿ, ಆಳು ಕರೆತಂದು, ನಾಲ್ಕಾರು ದಿನದಲ್ಲಿ ಜಾಗ ಖಾಲಿ ಮಾಡಿಕೊಡುತ್ತಾರೆ.

ಈ ಇಡೀ ದಾರಿಯಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕೆಂದು ಯಾವ ಅಧಿಕಾರಿಗೂ ಕಟ್ಟಪ್ಪಣೆಯಿಲ್ಲ. ಮಾಡಿನ ಮೇಲಿರುವ ಬೂದು ಬಣ್ಣದ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆಯೇ? ಇದ್ದರೆ ಅದನ್ನು ಇಳಿಸುವವರು ಯಾರು, ಹೇಗೆ, ಇಳಿಸಿದ್ದು ಎಲ್ಲಿಗೆ ಹೋಗುತ್ತದೆ?

ನಮ್ಮ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳು ಹಂಚಿನ ಸೀಮೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯುದ್ದಕ್ಕೂ ಹೊಳೆಬದಿಯ ಜೇಡಿಯಿಂದ ಹಂಚು ಸುಡುವ ಉದ್ಯಮ ಹಬ್ಬಿತು, ಕುಂದಾಪುರಕ್ಕೂ ಬಂತು. ಹಂಚಿನ ಮಾಡಿಗೆ ಪ್ರತಿ ವರ್ಷ ಕೈಯಾಡಿಸಬೇಕು. ಮಂಗ ಹಾರಿದರೆ ಹಂಚು ಒಡೆಯುತ್ತದೆ, ರೀಪು ಲಡ್ಡಾಗುತ್ತದೆ, ಮರದ ಬೆಲೆ ಏರುತ್ತಲೇ ಇರುತ್ತದೆ. ಶಾಲೆಗೆ, ಪಂಚಾಯ್ತಿಗೆ, ಸೊಸೈಟಿಗೆ ಅಷ್ಟು ಅನುದಾನ ಎಲ್ಲಿಂದ ಬರಬೇಕು? ಹೀಗೆ ಬಂದದ್ದು ಸಿಮೆಂಟ್ ಶೀಟು. ಕಡಿಮೆ ಮರ ಸಾಕು, ಮಂಗ ಹಾರಿದರೂ ತಡೆಯುತ್ತದೆ, ಉಪ್ಪುಗಾಳಿಗೆ ತಗಡಿನಂತೆ ತುಕ್ಕು ಹಿಡಿಯುವುದಿಲ್ಲ. ಬಿಸಿಯೂಟದ ಕೋಣೆ, ಸೈಕಲ್ ಶೆಡ್ಡು, ಶೌಚಾಲಯ, ಗೋದಾಮು, ಮೀನು ಮಾರುಕಟ್ಟೆ, ಬಸ್ ತಂಗುದಾಣಗಳ ಮೇಲೆ ಅದು ಕೂತಿತು. ಆ ಕಾಲಕ್ಕೆ ಅದನ್ನು ಹಾಕಿಸಿದವರನ್ನು ದೂರುವಂತಿಲ್ಲ. ಸರ್ಕಾರದ ದರಪಟ್ಟಿಯಲ್ಲೇ ಇದ್ದ ವಸ್ತು ಅದು. ಈಗ ಆ ಶೀಟುಗಳಿಗೆ ಮೂವತ್ತು, ನಲವತ್ತು ವರ್ಷ ವಯಸ್ಸಾಗಿದೆ. ಅವು ಕೆಳಗಿಳಿಯುವ ಕಾಲ ಬಂದಿದೆ.

ನಮ್ಮ ದೇಶದ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ತೂಕದ 8ರಿಂದ 10 ಶೇಕಡಾದಷ್ಟು ಕ್ರೈಸೊಟೈಲ್ ಎಂಬ ಬಿಳಿ ಕಲ್ನಾರು ಇರುತ್ತದೆ, ಉಳಿದದ್ದು ಸಿಮೆಂಟು ಮತ್ತಿತರ ಸಾಮಗ್ರಿ. ಒಂದು ಚದರ ಮೀಟರ್ ಶೀಟು ಸುಮಾರು 13 ಕಿಲೊ ತೂಗುತ್ತದೆ. ಎರಡು ಕೊಠಡಿಯ ಶಾಲೆಯ ಮಾಡು 100 ಚದರ ಮೀಟರ್ ಎಂದಿಟ್ಟುಕೊಂಡರೂ ಅದರಲ್ಲಿ ನೂರು ಕಿಲೊಗಿಂತ ಹೆಚ್ಚು ಕಲ್ನಾರು ಅಡಗಿದೆ ಎಂದಾಯಿತು. ಗಟ್ಟಿಯಾಗಿರುವ ಶೀಟಿನ ಕೆಳಗೆ ಕೂತ ಮಾತ್ರಕ್ಕೆ ಮಕ್ಕಳು ಕಾಯಿಲೆ ಬೀಳುತ್ತಾರೆಂದು ಯಾರೂ ಗಾಬರಿಯಾಗಬೇಕಿಲ್ಲ. ಸಿಮೆಂಟು ನಾರನ್ನು ಹಿಡಿದುಕೊಂಡಿರುತ್ತದೆ. ಅಪಾಯ ಶುರುವಾಗುವುದು ಶೀಟನ್ನು ಒಡೆದಾಗ, ಕೊಯ್ದಾಗ, ತೂತು ಕೊರೆದಾಗ, ಉಜ್ಜಿದಾಗ. ನಮ್ಮ ಮಳೆಯೂ ಇದಕ್ಕೆ ಕೈಜೋಡಿಸುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕಡೆ ಶೀಟಿನ ಮೇಲ್ಮೈ ಸಿಮೆಂಟು ಸವೆದು ನಾರು ಹೊರಗೆ ಇಣುಕುತ್ತದೆ. ಮೇಲೆ ಹಾವಸೆ ಕಟ್ಟುತ್ತದೆ. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಆ ಹಾವಸೆಯನ್ನು ಒಣಗಿದಾಗಲೇ ತಂತಿ ಬ್ರಷ್ಷಿನಲ್ಲಿ ಕೆರೆದು ತೆಗೆದರೆ ನಾರೂ ಜೊತೆಗೇ ಏಳುತ್ತದೆ.

ಗಾಳಿಗೆ ಸೇರಿದ ಈ ನಾರು ಕಣ್ಣಿಗೆ ಕಾಣದು. ಮೂಗಿಗೆ ವಾಸನೆಯಿಲ್ಲ, ಗಂಟಲಿಗೆ ಉರಿಯೂ ಇಲ್ಲ. ಶ್ವಾಸಕೋಶದ ತಳ ಮುಟ್ಟಿದರೆ ಅದನ್ನು ಪೂರಾ ಕರಗಿಸುವ ಶಕ್ತಿ ದೇಹಕ್ಕಿಲ್ಲ. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಎದೆಯ ಒಳಪೊರೆಗೆ ಬರುವ ಮೆಸೊಥೀಲಿಯೋಮ ಇದರ ಫಲಗಳು. ಬಹುತೇಕ ಇಪ್ಪತ್ತರಿಂದ ನಲವತ್ತು ವರ್ಷ ಕಳೆದ ಮೇಲೆ ಇವು ತಲೆಯೆತ್ತುತ್ತವೆ. ಬೀಡಿ ಸಿಗರೇಟು ಸೇದುವವರಾದರೆ ಶ್ವಾಸಕೋಶ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೇ. ಕೆಲಸದ ಜಾಗದಲ್ಲಿ ಕಲ್ನಾರಿನ ಧೂಳು ಕುಡಿದ ಕಾರಣಕ್ಕೆ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂಬುದು ಅದರದೇ ಅಂದಾಜು.

ಕೆಡವುವ ಕೆಲಸಕ್ಕೆ ಬರುವವರು ಯಾರೆಂದು ನಮಗೆಲ್ಲ ಗೊತ್ತು. ಊರಿನ ಕೂಲಿಗಳ ಜೊತೆ ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಬಂದ ಕುಟುಂಬಗಳಿರುತ್ತವೆ. ಗಂಡ ಮಾಡಿನ ಮೇಲಿಂದ ಶೀಟು ಬಡಿದು ಬೀಳಿಸುತ್ತಾನೆ, ಹೆಂಡತಿ ಕೆಳಗೆ ಚೂರು ಹೆಕ್ಕುತ್ತಾಳೆ, ಮಗು ಅಲ್ಲೇ ಆಡುತ್ತದೆ. ಮೂಗಿಗೆ ಕಟ್ಟಿದ ಬೈರಾಸು ಈ ನಾರನ್ನು ತಡೆಯುವುದಿಲ್ಲ. ಸಂಜೆ ಅದೇ ಬಟ್ಟೆಯಲ್ಲಿ ಧೂಳು ಬಿಡಾರಕ್ಕೂ ಹೋಗುತ್ತದೆ. ಕಾರ್ಮಿಕರ ಬಟ್ಟೆ ಒಗೆದೇ ಮೆಸೊಥೀಲಿಯೋಮಕ್ಕೆ ತುತ್ತಾದ ಹೆಂಗಸರ ಪ್ರಕರಣಗಳು ಹಲವು ದೇಶಗಳ ವೈದ್ಯಕೀಯ ದಾಖಲೆಯಲ್ಲಿವೆ. ಮೂವತ್ತು ವರ್ಷದ ಮೇಲೆ ಆ ಕಾರ್ಮಿಕ ತನ್ನೂರಿನ ಆಸ್ಪತ್ರೆಯಲ್ಲಿ ದಮ್ಮು ಕಟ್ಟಿ ಕೂತಾಗ, ಯಾವುದೋ ಬೇಸಿಗೆಯಲ್ಲಿ ಬೈಂದೂರಿನ ಕಡೆ ಒಂದು ಶಾಲೆ ಕೆಡವಿದ್ದು ಯಾರ ನೆನಪಿನಲ್ಲಿರುತ್ತದೆ? ನನ್ನನ್ನು ಅತಿಯಾಗಿ ಕಾಡುವುದು ಇದು. ಕಾಯಿಲೆ ನಿಧಾನವಾಗಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಇಲ್ಲಿ ಎಲ್ಲರೂ ಹೊಣೆಯಿಂದ ಪಾರಾಗುತ್ತಾರೆ.

ಕೆಲವೇ ದಿನದ ಕೆಲಸ, ಅಷ್ಟಕ್ಕೇನಾಗುತ್ತದೆ ಎನ್ನುವವರು ಜಪಾನಿನ ಕೋಬೆಯನ್ನು ನೋಡಬೇಕು. 1995ರ ಭೂಕಂಪದ ನಂತರ ಅಲ್ಲಿ ಅವಶೇಷ ತೆಗೆಯುವ, ಕಟ್ಟಡ ಕೆಡವುವ ಕೆಲಸಕ್ಕೆ ಹೋದವರಲ್ಲಿ ಕೆಲವರಿಗೆ ವರ್ಷಗಳ ಮೇಲೆ ಮೆಸೊಥೀಲಿಯೋಮ ಬಂತು. ಅದು ಆ ಕೆಲಸದಿಂದಲೇ ಬಂದ ಕಾಯಿಲೆ ಎಂದು ಅಲ್ಲಿನ ಸರ್ಕಾರಿ ವ್ಯವಸ್ಥೆ ಒಪ್ಪಿ ಪರಿಹಾರ ಕೊಟ್ಟಿತು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು ಕೊಟ್ಟ ತೀರ್ಪು, ಕಾರ್ಮಿಕರ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಸಾರಿತು. ಕಲ್ನಾರು ಉದ್ಯಮದ ಕಾರ್ಮಿಕರ ಆರೋಗ್ಯ ದಾಖಲೆಯನ್ನು 40 ವರ್ಷ ಕಾಪಿಡಬೇಕು, ಕಾಯಿಲೆ ಖಚಿತವಾದವರಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದಿತು. ಆದರೆ ಆ ನಿರ್ದೇಶನಗಳ ಕಣ್ಣು ಇದ್ದದ್ದು ಕಾರ್ಖಾನೆಯ ಮೇಲೆ. ಕಾರ್ಖಾನೆಗೆ ಗೇಟಿದೆ, ಹಾಜರಿ ಪುಸ್ತಕವಿದೆ. ಶಾಲೆ ಕೆಡವಲು ಬಂದವನ ಹೆಸರು ಎಲ್ಲಿ ಬರೆದಿರುತ್ತದೆ? ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಕೆಡವುವ ಕೆಲಸವನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತ್ತು, ನಿಜ. ಆದರೆ ಹರಾಜು ಕೂಗಿದವರ ಹಿಂದೆ ಬಂದ ಐದಾರು ಜನರ ತನಕ ಆ ಕಾಯ್ದೆ ನಡೆದು ಬಂದದ್ದು ಅಪರೂಪ.

ತ್ಯಾಜ್ಯದ ನಿಯಮಗಳಲ್ಲೂ ಇಂಥದೇ ಸಂದು. ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳ ಮೊದಲ ಅನುಸೂಚಿಯಲ್ಲಿ 'ಬಿಸಾಡಿದ ಕಲ್ನಾರು' ಎಂಬ ಬಾಬ್ತು ಇದೆ. ಅದು ಕೂತಿರುವುದು ಮಾತ್ರ ಕಲ್ನಾರು ಸಾಮಗ್ರಿಗಳ ಉತ್ಪಾದನೆ ಎಂಬ ತಲೆಬರಹದ ಕೆಳಗೆ. ಹಾಗಾಗಿ ಶೀಟು ತಯಾರಿಸುವಲ್ಲಿ ಮುರಿದ ಚೂರು ಅಪಾಯಕಾರಿ ತ್ಯಾಜ್ಯವಾಗುತ್ತದೆ. ಅದೇ ಶೀಟು ಶಾಲೆಯ ಮಾಡಿನಿಂದ ಬಿದ್ದು ಮುರಿದರೆ ಬರೀ ಕಟ್ಟಡದ ಕಸ ಎಂದು ವಾದಿಸಲು ಎಡೆಯಾಗುತ್ತದೆ. ಕಟ್ಟಡ ತ್ಯಾಜ್ಯದ 2016ರ ನಿಯಮ ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ದಾಟಿದವರಿಂದ ಮಾತ್ರ ವಿಲೇವಾರಿ ಯೋಜನೆ ಕೇಳಿತು. ಬಿಸಿಯೂಟದ ಕೋಣೆ, ಸೈಕಲ್ ಶೆಡ್ಡು ಆ ಅಳತೆಗೆ ಸಿಗುವುದೇ ಇಲ್ಲ. 2026ರ ಏಪ್ರಿಲ್ 1ರಿಂದ ಜಾರಿ ಎಂದು ಪ್ರಕಟವಾದ ಹೊಸ ನಿಯಮಗಳ ಮುಖ್ಯ ಹೊಣೆ ಬೀಳುವುದು 20,000 ಚದರ ಮೀಟರಿಗೂ ಮೇಲ್ಪಟ್ಟ ಯೋಜನೆಗಳ ಮೇಲೆ. ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಅಂಥ ಕಟ್ಟಡ ಎಷ್ಟಿದ್ದಾವು?

ಇನ್ನೊಂದು ದಾಖಲೆಯ ಮಾತು ಹೇಳಲೇಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಛಾವಣಿ ಕಳಚುವ ಕೆಲಸದ ಕೆಳಗೆ 'ಆಸ್ಬೆಸ್ಟಾಸ್ ಶೀಟು' ಎಂದು ಹೆಸರು ಹಿಡಿದೇ ದರವಿದೆ. ಕಳಚಿದ್ದನ್ನು 50 ಮೀಟರ್ ಒಳಗೆ ಪೇರಿಸಿಡುವುದು ಆ ದರದಲ್ಲೇ ಸೇರಿದೆ. ಅಂದರೆ ಸರ್ಕಾರಕ್ಕೆ ಈ ವಸ್ತುವಿನ ಹೆಸರು ಗೊತ್ತು, ಅದನ್ನು ಇಳಿಸಲು ಚದರ ಮೀಟರಿಗೆ ಎಷ್ಟು ಕೊಡಬೇಕೆಂದೂ ಗೊತ್ತು. ಅದೇ ಸಾಲಿಗೆ ನೀರು ಚಿಮುಕಿಸುವ, ಮುಖಗವಸು ಕೊಡುವ, ಸುತ್ತಿ ಸಾಗಿಸುವ ಖರ್ಚನ್ನು ಸೇರಿಸುವುದು ಅಸಾಧ್ಯವಾದ ಕೆಲಸವಲ್ಲ. ನಮ್ಮ ರಾಜ್ಯದ ಲೋಕೋಪಯೋಗಿ ಮತ್ತು ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಗಳು ಮನಸ್ಸು ಮಾಡಿದರೆ ಅಂದಾಜುಪಟ್ಟಿಯಲ್ಲಿ ನಾಲ್ಕು ಸಾಲು ಹೆಚ್ಚಾಗುತ್ತದೆ, ಅಷ್ಟೆ.

ಬ್ರಿಟನ್ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿತು. ಅಲ್ಲಿ ಹಳೆಯ ಕಟ್ಟಡಕ್ಕೆ ಕೈಹಚ್ಚುವ ಮುನ್ನ ಕಲ್ನಾರು ಎಲ್ಲೆಲ್ಲಿದೆ ಎಂಬ ಸಮೀಕ್ಷೆ ಆಗಬೇಕು. ಅಮೆರಿಕದಲ್ಲಿ ಕೆಡವುವ ಹತ್ತು ಕೆಲಸದ ದಿನ ಮೊದಲೇ ಪರಿಸರ ಇಲಾಖೆಗೆ ನೋಟಿಸು ಕೊಡಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1986ರ 162ನೇ ಒಡಂಬಡಿಕೆಯಂತೆ ಇಂಥ ಕೆಲಸವನ್ನು ಅರ್ಹರೆಂದು ಗುರುತಿಸಿದ ಗುತ್ತಿಗೆದಾರರೇ ಮಾಡಬೇಕು, ಅದಕ್ಕೆ ಮುಂಚೆ ಲಿಖಿತ ಯೋಜನೆ ಇರಬೇಕು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ನಮ್ಮ ದೇಶದಲ್ಲಿ ಕಲ್ನಾರು ಗಣಿಗಾರಿಕೆಗೆ ಹೊಸ ಗುತ್ತಿಗೆ ಕೊಡುವುದು 1986ರಲ್ಲೇ ನಿಂತಿದೆ, ಆದರೂ ಹೊರಗಿಂದ ತರಿಸುವುದರಲ್ಲಿ ಜಗತ್ತಿಗೇ ನಾವು ಮುಂದು. ಪಕ್ಕದ ಕೇರಳದಲ್ಲಿ ಶಾಲೆಗಳ ಕಲ್ನಾರು ಮಾಡು ಬದಲಿಸಿ ಎಂದು ರಾಜ್ಯದ ಮಾನವ ಹಕ್ಕುಗಳ ಆಯೋಗ 2009ರಲ್ಲೇ ಹೇಳಿತು. ಇತ್ತೀಚೆಗೆ ಶಾಲೆಗಳ ಕಲ್ನಾರು ಛಾವಣಿಯ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು.

ನಮ್ಮದೇ ನೆಲದ ಇನ್ನೊಂದು ಉದಾಹರಣೆ ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ. ವರ್ಷಗಟ್ಟಲೆ ಮುಚ್ಚಿದ್ದ ಆ ಕಾರ್ಖಾನೆಯ ಯಂತ್ರಗಳು ಗುಜರಿಗೆ ಹೋದದ್ದು ದೊಡ್ಡ ವಿವಾದವಾಯಿತು, ರೈತರು ಬೀದಿಗಿಳಿದರು. ಎಷ್ಟು ಟನ್ ಹೋಯಿತು, ಎಷ್ಟು ಹಣ ಬಂತು ಎಂಬುದು ಬಹಳ ಮುಖ್ಯವಾದ ಪ್ರಶ್ನೆ. ಬೆವರು ಸುರಿಸಿ ಷೇರು ಕಟ್ಟಿದವರು ಅದನ್ನು ಕೇಳಲೇಬೇಕಿತ್ತು. ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಆ ಪೀಳಿಗೆಯ ಬಾಯ್ಲರು, ಉಗಿಕೊಳವೆಗಳ ಶಾಖ ಕಾಯಲು ಕಲ್ನಾರಿನ ಹಗ್ಗ, ಹೊದಿಕೆ, ಗ್ಯಾಸ್ಕೆಟ್ ಬಳಸುವುದು ಎಲ್ಲೆಡೆ ರೂಢಿಯಲ್ಲಿತ್ತು. ಇಂಥ ಹೊದಿಕೆ ಸಿಮೆಂಟ್ ಶೀಟಿಗಿಂತ ಎಷ್ಟೋ ಪಾಲು ಅಪಾಯ, ಬೆರಳಿನಲ್ಲಿ ಉಜ್ಜಿದರೆ ಉದುರುತ್ತದೆ. ಸಾರ್ವಜನಿಕ ಇಲ್ಲವೇ ಸಹಕಾರಿ ಸ್ವತ್ತಾದ ಯಾವುದೇ ಹಳೇ ಸ್ಥಾವರವನ್ನು ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸುವ ಮುನ್ನ ಈ ತಪಾಸಣೆಯ ವರದಿ ಕಡತದಲ್ಲಿರಬೇಕು. ಲೆಕ್ಕಪರಿಶೋಧನೆ ಹಣದ್ದಷ್ಟೇ ಅಲ್ಲ, ಇದರದ್ದೂ ಆಗಬೇಕು.

ಸರಿಯಾಗಿ ಇಳಿಸುವ ವಿಧಾನ ಕಷ್ಟದ್ದೇನಲ್ಲ, ತಾಳ್ಮೆಯದು. ಹಳೆಯ ಸಿಮೆಂಟ್ ಶೀಟು ಕಂಡರೆ ಪ್ರಯೋಗಾಲಯದ ವರದಿ ಬೇರೆ ಹೇಳುವ ತನಕ ಕಲ್ನಾರೆಂದೇ ಭಾವಿಸಬೇಕು. ರಜೆಯಲ್ಲಿ, ಮಕ್ಕಳಿಲ್ಲದ ದಿನ ಕೆಲಸ ಇಟ್ಟುಕೊಳ್ಳಬೇಕು. ಮೊದಲು ಸಣ್ಣಗೆ ನೀರು ಹನಿಸಿ ಶೀಟು ನೆನೆಸಬೇಕು, ಪಂಪಿನ ರಭಸದಲ್ಲಿ ಅಲ್ಲ. ಕೊಕ್ಕೆ ಬೋಲ್ಟುಗಳನ್ನು ಬಿಚ್ಚಿ ಅಥವಾ ಕತ್ತರಿಸಿ ಇಡೀ ಶೀಟನ್ನು ಕೈಯಿಂದ ಕೈಗೆ ಇಳಿಸಬೇಕು. ಸುತ್ತಿಗೆ ಬೇಡ, ಎತ್ತಿ ಒಗೆಯುವುದು ಬೇಡ, ಜೆಸಿಬಿಯ ಹಲ್ಲಂತೂ ಶೀಟಿಗೆ ತಾಗಲೇಬಾರದು. ಕೆಲಸದವರಿಗೆ ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯ ಮುಖಗವಸು, ಅಲ್ಲೇ ಕಳಚಿಡುವ ಮೇಲಂಗಿ, ಕೈಕಾಲು ತೊಳೆಯಲು ನೀರು ಬೇಕು. ಹಳೇ ಶೀಟು ಕಾಲಿಟ್ಟರೆ ಮುರಿಯುತ್ತದೆ, ನೆನೆದರೆ ಜಾರುತ್ತದೆ. ಆದ್ದರಿಂದ ಹಲಗೆ ಹಾಸಿ, ಸೊಂಟಕ್ಕೆ ಹಗ್ಗ ಕಟ್ಟಿ ನಿಲ್ಲಬೇಕು. ಕಾಯಿಲೆಗೆ ಮೂವತ್ತು ವರ್ಷ ಬೇಕು, ಬಿದ್ದು ಸಾಯಲು ಒಂದು ಗಳಿಗೆ ಸಾಕು.

ಇಳಿಸಿದ್ದು ಮತ್ತೆ ಊರೊಳಗೆ ಹೋಗಬಾರದು. ಇದು ಎಲ್ಲಕ್ಕಿಂತ ಕಷ್ಟದ ಭಾಗ, ಯಾಕೆಂದರೆ ನಮ್ಮಲ್ಲಿ ಯಾವುದೂ ಹಾಳಾಗುವುದಿಲ್ಲ. ಒಳ್ಳೆ ಶೀಟು ಯಾರದೋ ಕೊಟ್ಟಿಗೆಗೆ, ಸೌದೆ ಕೊಟ್ಟಿಗೆಗೆ ಹೋಗುತ್ತದೆ. ತುಂಡು ಕೋಳಿಗೂಡಿಗೆ, ಬಾವಿ ಮುಚ್ಚಲು. ಪುಡಿಯಾದದ್ದು ಮುರಕಲ್ಲಿನ ಚೂರಿನ ಜೊತೆ ರಸ್ತೆ ಹೊಂಡಕ್ಕೆ, ಇಲ್ಲವೇ ಗದ್ದೆ ತುಂಬಿಸಲು. ಹೊಂಡಕ್ಕೆ ಹಾಕಿದ ಚೂರು ಟಿಪ್ಪರ್ ಚಕ್ರದಡಿ ಮತ್ತೆ ಮತ್ತೆ ಅರೆಯುತ್ತಲೇ ಇರುತ್ತದೆ. ಬಡವರಿಗೆ ಒಂದು ಮಾಡಾಯಿತಲ್ಲ ಎಂದು ಹರಾಜಿನಲ್ಲಿ ಶೀಟು ಮಾರುವುದು ದಯೆಯಂತೆ ಕಾಣುತ್ತದೆ, ಆದರೆ ಅಪಾಯವನ್ನು ಸರ್ಕಾರಿ ಕಟ್ಟಡದಿಂದ ಬಡವರ ಮನೆಗೆ ದಾಟಿಸಿದಂತಾಗುತ್ತದೆ. ಹಳೆ ಸಿಮೆಂಟ್ ಶೀಟನ್ನು ಹರಾಜು ಪಟ್ಟಿಯಿಂದಲೇ ಕೈಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗುರುತು ಬರೆದು, ಸುರಕ್ಷಿತ ಭೂಭರ್ತಿಗೆ ಕಳಿಸುವುದು ಸರಿಯಾದ ದಾರಿ. ಬೆಂಗಳೂರು ಗ್ರಾಮಾಂತರದ ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯಕ್ಕೆ ಅಂಥದ್ದೊಂದು ನೆಲೆ ಇದೆ. ಎರಡು ಕೊಠಡಿಯ ಶೀಟಿಗಾಗಿ ಘಟ್ಟ ಹತ್ತಿಸಿ ಲಾರಿ ಕಳಿಸು ಎಂದರೆ ಯಾವ ಪಂಚಾಯ್ತಿಗೂ ಆಗುವುದಿಲ್ಲ, ಅದು ನ್ಯಾಯವೂ ಅಲ್ಲ. ಮೂರು ತಾಲ್ಲೂಕುಗಳ ಶೀಟನ್ನು ಒಂದೆಡೆ, ಗೋಡೆ ಛಾವಣಿ ಇರುವ ಬೀಗದ ಜಾಗದಲ್ಲಿ ಸೇರಿಸಿ, ವರ್ಷಕ್ಕೊಂದೆರಡು ಸಲ ಜಿಲ್ಲಾ ಪಂಚಾಯ್ತಿಯೇ ತನ್ನ ಖರ್ಚಿನಲ್ಲಿ ಕಳಿಸಬಹುದು. ಉಡುಪಿಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿ ಅದಕ್ಕೆ ಮಾರ್ಗದರ್ಶನ ಕೊಡಬೇಕು, ಕಾರ್ಮಿಕ ಇಲಾಖೆ ಕೆಲಸಗಾರರ ಹೆಸರು, ಊರು ಬರೆದಿಟ್ಟುಕೊಳ್ಳಬೇಕು. ಆ ಹೆಸರಿನ ಪಟ್ಟಿ ನಲವತ್ತು ವರ್ಷ ಉಳಿಯಬೇಕು. ಇಲ್ಲದಿದ್ದರೆ ಮುಂದೆ ಪರಿಹಾರ ಕೇಳುವವರ ಕೈಯಲ್ಲಿ ಏನೂ ಇರುವುದಿಲ್ಲ.

ಕಟ್ಟಡ ಶಿಥಿಲವೆಂದು ಸಹಿ ಹಾಕುವ ಎಂಜಿನಿಯರೇ ಕಲ್ನಾರು ಇದೆ ಅಥವಾ ಇಲ್ಲ ಎಂದೂ ಸಹಿ ಹಾಕಲಿ. ಇದೆ ಎಂದಾದರೆ ಇಳಿಸುವ ಯೋಜನೆ ಲಗತ್ತಿಸದ ಕಡತಕ್ಕೆ ಜಿಲ್ಲಾ ಪಂಚಾಯ್ತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಅನುಮತಿ ಕೊಡದಿರಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಒಂದು ಸುತ್ತೋಲೆ ಸಾಕು. ಕೆಡವುವ ಕೆಲಸ ಹೆಚ್ಚಾಗಿ ನಡೆಯುವುದು ಏಪ್ರಿಲ್, ಮೇ ತಿಂಗಳ ರಜೆಯಲ್ಲಿ, ಮಳೆಗಾಲಕ್ಕೂ ಶಾಲೆ ಶುರುವಾಗುವುದಕ್ಕೂ ಮುಂಚೆ. ಕಡತ ಓಡಾಡುವುದು ಅದಕ್ಕೆ ಎರಡು ಮೂರು ತಿಂಗಳ ಹಿಂದೆ. ಎಸ್‌ಡಿಎಂಸಿಯಲ್ಲಿರುವ ತಂದೆತಾಯಿಗಳು, ಗ್ರಾಮಸಭೆಗೆ ಹೋಗುವವರು ಈ ಪ್ರಶ್ನೆಯನ್ನು ಜನವರಿ, ಫೆಬ್ರವರಿಯಲ್ಲೇ ಎತ್ತಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಅಲ್ಲಿ ಬರೆದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು.