ಸುತ್ತ ನೀರು, ನಡುವೆ ಬೆಂಕಿ

ಮಕ್ಕಳೇ, ಮೊದಲು ಒಂದು ಒಗಟು. ಕಣ್ಣು ಹಾಯಿಸಿದಷ್ಟೂ ನೀರು, ಎಷ್ಟು ಎತ್ತಿದರೂ ಮುಗಿಯದ ನೀರು. ಆದರೂ ಅಲ್ಲಿರುವವರು ಬೆಂಕಿ ಎಂದರೆ ನಡುಗುತ್ತಾರೆ. ಅದು ಯಾವ ಜಾಗ?

ಉತ್ತರ: ಹಡಗು. ನಮ್ಮ ತಣಿಸಂದ್ರದಲ್ಲಿ ಕುಳಿತರೆ ನಮಗೆ ಕಾಣುವ ದೊಡ್ಡ ನೀರು ಎಂದರೆ ರಾಚೇನಹಳ್ಳಿ ಕೆರೆ. ಆದರೆ ಕನ್ನಡನಾಡಿಗೆ ಕಾರವಾರದಿಂದ ಮಂಗಳೂರಿನವರೆಗೆ ಉದ್ದನೆಯ ಕಡಲ ತೀರವಿದೆ. ಆ ತೀರದ ಎದುರಿಗೇ ಹಡಗುಗಳು ಹೊತ್ತಿ ಉರಿದದ್ದುಂಟು.

2019ರ ಏಪ್ರಿಲ್ 26. ನೌಕಾಪಡೆಯ ಭಾರಿ ಯುದ್ಧನೌಕೆ 'ವಿಕ್ರಮಾದಿತ್ಯ' ಕಾರವಾರದ ಬಂದರು ಪ್ರವೇಶಿಸುತ್ತಿತ್ತು. ವಿಮಾನಗಳನ್ನೇ ಬೆನ್ನ ಮೇಲೆ ಹೊತ್ತು ತಿರುಗುವ ಈ ಹಡಗಿನ ಉದ್ದ 284 ಮೀಟರ್. ಮನೆ ಇನ್ನೇನು ಬಂತು ಎನ್ನುವಾಗ ಹಡಗಿನ ಒಳಗೆ ಬೆಂಕಿ ಕಾಣಿಸಿತು. ಲೆಫ್ಟಿನೆಂಟ್ ಕಮಾಂಡರ್ ಡಿ. ಎಸ್. ಚೌಹಾಣ್ ಎಂಬ ಯುವ ಅಧಿಕಾರಿ ಸಿಬ್ಬಂದಿಯನ್ನು ಮುಂದೆ ನಿಂತು ನಡೆಸುತ್ತಾ ಬೆಂಕಿ ಬಿದ್ದ ಕೋಣೆಗೇ ನುಗ್ಗಿದರು. ಬೆಂಕಿ ಹತೋಟಿಗೆ ಬಂತು, ಹಡಗು ಉಳಿಯಿತು. ಆದರೆ ಹೊಗೆಯಿಂದ ಪ್ರಜ್ಞೆ ತಪ್ಪಿದ ಚೌಹಾಣ್, ಕಾರವಾರದ ನೌಕಾಪಡೆ ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಅವರ ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ.

ನೆನಪಿಡಿ, ಅವರ ಪ್ರಾಣ ತೆಗೆದದ್ದು ಜ್ವಾಲೆಯಲ್ಲ, ಹೊಗೆ.

"ಅಷ್ಟೊಂದು ನೀರಿದೆಯಲ್ಲ ತಾತ, ಪಂಪು ಹಚ್ಚಿ ಸುರಿದರಾಯಿತು" ಎಂದು ನೀವು ಕೇಳಬಹುದು. ಹಡಗಿನಲ್ಲಿ ಸಮುದ್ರದ ನೀರು ಎಳೆಯುವ ಪಂಪುಗಳು ಇದ್ದೇ ಇರುತ್ತವೆ. ಎಂಜಿನ್ ಕೋಣೆಯೇ ಹೊತ್ತಿಕೊಂಡರೆ ಬೇಕಾಗುತ್ತದೆಂದು ತುರ್ತು ಪಂಪು ಒಂದನ್ನು ಬೇರೆ ಕಡೆ ಇಟ್ಟಿರುತ್ತಾರೆ. ಆದರೆ ನೀರಿಗೆ ಭಾರವಿದೆ. ಒಂದು ಸಾವಿರ ಲೀಟರ್ ಎಂದರೆ ಒಂದು ಟನ್. ಸುರಿದ ನೀರು ಹೊರಗೆ ಹೋಗದೆ ಮೇಲಿನ ಅಂತಸ್ತುಗಳಲ್ಲೇ ನಿಂತರೆ ಹಡಗು ವಾಲುತ್ತದೆ. 1942ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ 'ನಾರ್ಮಂಡಿ' ಎಂಬ ದೊಡ್ಡ ಹಡಗಿಗೆ ಬೆಂಕಿ ಬಿತ್ತು. ಸುರಿದ ನೀರಿನ ಭಾರಕ್ಕೆ ಹಡಗು ದಡದಲ್ಲೇ ಮಗುಚಿಕೊಂಡಿತು.

ಇನ್ನೊಂದು ಕಷ್ಟ ಉಕ್ಕಿನದು. ಕಾದ ಕಾವಲಿಯ ಹಿಡಿಯೂ ಬಿಸಿಯಾಗುವುದಿಲ್ಲವೇ? ಹಾಗೆಯೇ ಹಡಗಿನ ಒಂದು ಕೋಣೆ ಉರಿದರೆ ಉಕ್ಕಿನ ಗೋಡೆ ಕಾದು ಪಕ್ಕದ ಕೋಣೆಯ ಸಾಮಾನೂ ಹೊತ್ತಿಕೊಳ್ಳಬಹುದು. ಆದ್ದರಿಂದ ನಾವಿಕರು ಉರಿಯುವ ಕೋಣೆಯ ನಾಲ್ಕು ಗೋಡೆ, ನೆಲ, ಚಾವಣಿ, ಹೀಗೆ ಆರು ಮಗ್ಗುಲನ್ನೂ ಹೊರಗಿನಿಂದ ತಣಿಸುತ್ತಾರೆ.

ಎಂಜಿನ್ ಕೋಣೆಯ ಎಣ್ಣೆ ಬೆಂಕಿಗೆ ಬೇರೆಯೇ ಮದ್ದು. ಬಾಗಿಲು, ಗಾಳಿಕಿಂಡಿ ಎಲ್ಲವನ್ನೂ ಮುಚ್ಚಿ, ಒಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ. ಗಾಳಿ ಸಿಗದೆ ಬೆಂಕಿ ಸಾಯುತ್ತದೆ. ಆದರೆ ಆ ಅನಿಲದಲ್ಲಿ ಮನುಷ್ಯನೂ ಬದುಕಲಾರ. ಅದಕ್ಕೇ ಗಂಟೆ ಬಾರಿಸಿ, ಎಲ್ಲರನ್ನೂ ಹೊರಗೆ ಕರೆದು, ತಲೆ ಎಣಿಸಿದ ಮೇಲೆಯೇ ಅನಿಲ ಬಿಡಬೇಕು. ಒಬ್ಬ ಕಡಿಮೆಯಾದರೂ ಲೆಕ್ಕ ತಪ್ಪಿದಂತೆ.

ನಡುಗಡಲಿನಲ್ಲಿ ಕರೆದರೆ ಫೈರ್ ಇಂಜಿನ್ ಬರುವುದಿಲ್ಲ. ಅಲ್ಲಿ ಅಡುಗೆಯವನೂ, ಎಂಜಿನಿಯರನೂ, ಕ್ಯಾಪ್ಟನ್ನೂ ಅಗ್ನಿಶಾಮಕರೇ. 1912ರಲ್ಲಿ 'ಟೈಟಾನಿಕ್' ಮುಳುಗಿದ ಮೇಲೆ, 1914ರಲ್ಲಿ ಹಲವು ದೇಶಗಳು ಸೇರಿ ಹಡಗಿನವರ ಪ್ರಾಣರಕ್ಷಣೆಗೆ ಒಪ್ಪಂದವೊಂದನ್ನು ಮಾಡಿಕೊಂಡವು. ತಿದ್ದುಪಡಿಯಾಗುತ್ತಾ ಬಂದ ಆ ನಿಯಮದಂತೆ ಸಿಬ್ಬಂದಿಯ ಪ್ರತಿಯೊಬ್ಬರೂ ತಿಂಗಳಿಗೊಮ್ಮೆಯಾದರೂ ಬೆಂಕಿ ನಂದಿಸುವ ತಾಲೀಮು ಮಾಡಲೇಬೇಕು.

ನಂದಿಸುವುದಕ್ಕಿಂತ ತಡೆಯುವುದು ಮೇಲು. ಕಂಟೇನರ್ ಹಡಗುಗಳಲ್ಲಿ ಬೆಂಕಿ ಎಷ್ಟೋ ಸಲ ಶುರುವಾಗುವುದು ಮುಚ್ಚಿದ ಪೆಟ್ಟಿಗೆಯೊಳಗೆ. ಆದ್ದರಿಂದ ಅಪಾಯಕಾರಿ ಸರಕನ್ನು 9 ವರ್ಗಗಳಾಗಿ ವಿಂಗಡಿಸಿದ್ದಾರೆ. ಯಾವುದರ ಪಕ್ಕ ಯಾವುದನ್ನು ಇಡಬಾರದು ಎಂಬ ಕಟ್ಟುನಿಟ್ಟೂ ಇದೆ. ಇದೆಲ್ಲ ಕೆಲಸಕ್ಕೆ ಬರುವುದು ಸರಕು ಕಳಿಸುವವನು ಒಳಗಿರುವುದನ್ನು ನಿಜವಾಗಿ ಬರೆದುಕೊಟ್ಟಾಗ ಮಾತ್ರ. ಬ್ಯಾಂಕಿನಲ್ಲಿ ವರ್ಷಾನುಗಟ್ಟಲೆ ಓಚರು ನೋಡಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಾಗದದಲ್ಲಿ ಒಂದು, ಪೆಟ್ಟಿಗೆಯಲ್ಲಿ ಇನ್ನೊಂದು ಇದ್ದರೆ ಬ್ಯಾಂಕಿನಲ್ಲಿ ಹಣ ಹೋಗುತ್ತದೆ. ಹಡಗಿನಲ್ಲಿ ಜೀವ ಹೋಗುತ್ತದೆ.

ಸರಕು ತುಂಬಿದ ಹಡಗು ಹೊತ್ತಿಕೊಂಡರೆ ಏನಾಗುತ್ತದೆಂದು 2025ರ ಜೂನ್ 9ರಂದು ಕಂಡೆವು. ಕೊಲಂಬೊದಿಂದ ಮುಂಬೈ ಕಡೆಗೆ ಹೊರಟಿದ್ದ 'ವಾನ್ ಹೈ 503' ಎಂಬ ಸಿಂಗಪುರದ ಹಡಗು ಕೇರಳದ ಕರಾವಳಿಯಾಚೆ ಸ್ಫೋಟಗೊಂಡು ಉರಿಯಿತು. 22 ಜನರಲ್ಲಿ 18 ಮಂದಿಯನ್ನು ರಕ್ಷಿಸಿ, ನೌಕಾಪಡೆಯ 'ಸೂರತ್' ಹಡಗು ನಮ್ಮ ನವಮಂಗಳೂರು ಬಂದರಿಗೆ ಕರೆತಂದಿತು. ಗಾಯಗೊಂಡವರಿಗೆ ಮಂಗಳೂರಿನಲ್ಲೇ ಚಿಕಿತ್ಸೆಯಾಯಿತು. ನಾಲ್ವರು ನಾಪತ್ತೆಯಾದರು. ಕರಾವಳಿ ರಕ್ಷಣಾ ಪಡೆಯವರು ದಿನಗಟ್ಟಲೆ ಹೆಣಗಬೇಕಾಯಿತು. ಅದಕ್ಕೂ ಹಿಂದಿನ ವರ್ಷ, 2024ರ ಜುಲೈನಲ್ಲಿ, ಕಾರವಾರದಾಚೆಯ ಕಡಲಿನಲ್ಲಿ 'ಮೇರ್ಸ್ಕ್ ಫ್ರಾಂಕ್‌ಫರ್ಟ್' ಹಡಗು ಹೊತ್ತಿಕೊಂಡಾಗಲೂ ಮಳೆಗಾಲದ ಅಲೆಗಳ ನಡುವೆ ಇದೇ ಪಡೆ ಹೋರಾಡಿತ್ತು.

ಹಿರಿಯರಿಗೆ ಮುಂಬೈಯ ಕಥೆ ಗೊತ್ತಿರಬಹುದು. 1944ರ ಏಪ್ರಿಲ್ 14, ವಿಕ್ಟೋರಿಯಾ ಡಾಕ್. 'ಫೋರ್ಟ್ ಸ್ಟಿಕೀನ್' ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ, ಅದರ ಜೊತೆಗೇ ಹತ್ತಿಯ ಬೇಲುಗಳು, ಸಾಲದ್ದಕ್ಕೆ ಚಿನ್ನದ ಗಟ್ಟಿಗಳು. ಹತ್ತಿಗೆ ಬೆಂಕಿ ತಗುಲಿತು. ಸಂಜೆ ನಾಲ್ಕರ ಹೊತ್ತಿಗೆ ಹಡಗು ಸಿಡಿಯಿತು. ನೂರಾರು ಜನ ಸತ್ತರು. ನಂದಿಸಲು ಹೋದ ಅಗ್ನಿಶಾಮಕರಲ್ಲಿ 66 ಮಂದಿ ಮರಳಲಿಲ್ಲ. ಅವರ ನೆನಪಿಗಾಗಿಯೇ ಪ್ರತಿ ಏಪ್ರಿಲ್ 14ನ್ನು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತೇವೆ.

ಈಗ ನಮ್ಮ ತಣಿಸಂದ್ರದ ಬೀದಿ ನೋಡಿ. ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಅಪಾರ್ಟ್‌ಮೆಂಟುಗಳು ನೆಲದ ಮೇಲೆ ನಿಂತ ಹಡಗುಗಳೇ ಅಲ್ಲವೇ? ನಾವಿಕರ ಪಾಠ ಇಲ್ಲಿಗೂ ಸಲ್ಲುತ್ತದೆ.

ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ, ಎಣ್ಣೆ ಸಿಡಿದು ಬೆಂಕಿ ಹಬ್ಬುತ್ತದೆ. ದೊಡ್ಡವರು ಒಲೆ ಆರಿಸಿ ತಟ್ಟೆ ಮುಚ್ಚಲಿ, ಎಂಜಿನ್ ಕೋಣೆಯ ಬಾಗಿಲು ಮುಚ್ಚಿದ ಹಾಗೆ. ಹೊಗೆ ತುಂಬಿದರೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಹೊರಗೆ ಬನ್ನಿ. ಲಿಫ್ಟ್ ಬೇಡ, ಮೆಟ್ಟಿಲೇ ಸರಿ. ಹೊರಗೆ ಬಂದ ಮೇಲೆ ಮನೆಯವರ ತಲೆ ಎಣಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ.

ಈ ಭಾನುವಾರ ಮೊಮ್ಮಕ್ಕಳು ಅಜ್ಜಿ ತಾತನ ಕೈ ಹಿಡಿದು ಒಮ್ಮೆ ಮೆಟ್ಟಿಲು ಇಳಿದು ನೋಡಿ. ಮೊಣಕಾಲು ನೋವಿನವರಿಗೆ ಎಷ್ಟು ಹೊತ್ತು ಬೇಕು, ದಾರಿಯಲ್ಲಿ ಯಾರು ಸೈಕಲ್ಲು, ಹಳೆಯ ಮಂಚ ಇಟ್ಟಿದ್ದಾರೆ, ಗೋಡೆಯ ಕೆಂಪು ಸಿಲಿಂಡರಿನ ಅವಧಿ ಮುಗಿದಿದೆಯೇ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ಆ ಚೀಟಿಯನ್ನು ಅಪಾರ್ಟ್‌ಮೆಂಟ್ ಸಂಘದವರ ಕೈಗೆ ಕೊಟ್ಟು, ಕೆಲಸ ಆಗುವವರೆಗೂ ಬಿಡದೆ ಕೇಳುತ್ತಿರಿ.