ಮಾಚಿಕಾಯಿಯ ತೂತು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಗ್ರಂಧಿಗೆ ಅಂಗಡಿಗೆ ಹೋಗಿ ಮಾಚಿಕಾಯಿ ಕೇಳಿ. ಗೋಲಿ ಗಾತ್ರದ, ಮೈಮೇಲೆ ಮೊನಚು ಉಬ್ಬುಗಳಿರುವ ಗಟ್ಟಿ ಗುಂಡು ಕೊಡುತ್ತಾರೆ. ಮಗುವಿನ ಮದ್ದಿನ ಡಬ್ಬಿಯಲ್ಲಿ ಬಜೆ, ಅಳಲೆಕಾಯಿ, ಜಾಯಿಕಾಯಿಗಳ ಜೊತೆ ಕೂತಿರುವುದರಿಂದ ಇದೂ ಕಾಯಿಯೇ ಇರಬೇಕು ಅಂದುಕೊಂಡಿದ್ದೇವೆ. ಕಾಯಲ್ಲ. ತುರ್ಕಿ, ಸಿರಿಯಾ, ಇರಾನ್ ಕಡೆಯ ಓಕ್ ಮರದ ಮೊಗ್ಗಿನಲ್ಲಿ ಪುಟ್ಟ ಕಣಜ ಮೊಟ್ಟೆಯಿಟ್ಟಾಗ ಮರ ಕಟ್ಟುವ ಗಂಟು ಇದು. ಹುಳು ಒಳಗೇ ಕೂತು ಮರದ ಬೆಳವಣಿಗೆಯನ್ನು ತನಗೆ ಬೇಕಾದಂತೆ ತಿರುಗಿಸಿಕೊಳ್ಳುತ್ತದೆ: ನಡುವೆ ತಿನ್ನಲು ಮೆತ್ತನೆಯ ತಿರುಳು, ಸುತ್ತ ಒಗರು ತುಂಬಿದ ಗೋಡೆ.

ಗುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ. ದುಂಡನೆಯ ಸಣ್ಣ ತೂತು ಕಂಡರೆ ಕಣಜ ಬೆಳೆದು, ಗೋಡೆ ಕೊರೆದು ಹಾರಿಹೋಗಿದೆ. ಅಂಥದು ಬಿಳಿಚಿಕೊಂಡು ಹಗುರವಾಗಿರುತ್ತದೆ. ತೂತಿಲ್ಲದ್ದು ಕಪ್ಪು, ಭಾರ, ಒಗರೂ ಹೆಚ್ಚು. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಒಗರನ್ನು ಕಣ್ಣಾರೆ ನೋಡಬೇಕೆ? ಕಲ್ಲಿನ ಮೇಲೆ ನೀರು ಹಾಕಿ ತೇದು, ಚಿಟಿಕೆ ಅನ್ನಭೇದಿ ಬೆರೆಸಿ. ಬೂದು ಗಂಧ ಕಪ್ಪಾಗುತ್ತದೆ. ಯುರೋಪು ಶತಮಾನಗಳ ಕಾಲ ಬರೆದದ್ದು ಈ ಶಾಯಿಯಲ್ಲೇ. ಮದ್ದಿಗೆ ತೇಯುವ ಕಲ್ಲಿನಲ್ಲಿ ಮಾತ್ರ ಇದನ್ನು ಮಾಡಬೇಡಿ.

ನಮ್ಮ ರಸ್ತೆಗಳಲ್ಲಿ ಓಕ್ ಇಲ್ಲ, ಗಂಟುಗಳಿಗೆ ಬರವೂ ಇಲ್ಲ. ಆದರೆ ಎಲ್ಲವೂ ಕಣಜದ ಕೆಲಸವಲ್ಲ. ಹೊಂಗೆ ಎಲೆಯ ಮೇಲೆ ಬೆರಳಿನಂತೆ ಏಳುವ ಗಂಟುಗಳು ಬರಿಗಣ್ಣಿಗೆ ಕಾಣದ ನುಸಿಯವು. ಎಲೆ ಮಗುಚಿ ನೋಡಿ: ಗಂಟಿನ ಬುಡಕ್ಕೆ ಸರಿಯಾಗಿ ಕಿರಿದಾದ ಬಾಯಿ ಇರುತ್ತದೆ. ನುಸಿಯ ಮನೆಗೆ ಬಾಗಿಲು ಮೊದಲಿನಿಂದಲೂ ಉಂಟು. ಕಣಜದ ಮನೆಗೆ ಅದು ಹೊರಡುವ ದಿನವೇ ಬಾಗಿಲು. ಗುರುತಿಸಲು ನಾನು ಮೊದಲು ನೋಡುವುದು ಇದನ್ನೇ. ಮಾವಿನೆಲೆಯ ಮೊಡವೆಯಂಥ ಗುಳ್ಳೆಗಳು ನೊಣದ ಜಾತಿಯ ಒಂದು ಸಣ್ಣ ಕೀಟದವು.

ಕಣಜದ ಗಂಟೇ ಬೇಕೆಂದರೆ ಭದ್ರಾವತಿ ಕಡೆಯ ನೀಲಗಿರಿ ನೋಡಿ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗಾಗಿ ಜಿಲ್ಲೆಯಲ್ಲಿ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಎದ್ದವು. ನೀಲಗಿರಿಯಂತೆ ಅದರ ಗಂಟು ಕಣಜವೂ ಆಸ್ಟ್ರೇಲಿಯಾ ಮೂಲದ್ದು. 2004ರಲ್ಲಿ ವಿಜ್ಞಾನಿಗಳು ಇದಕ್ಕೆ ಲೆಪ್ಟೊಸೈಬ್ ಇನ್ವೇಸಾ ಎಂದು ಹೆಸರಿಟ್ಟರು. ಉದ್ದ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಎಳೆ ಚಿಗುರಿನ ನಡುನರ, ತೊಟ್ಟು, ಕಾಂಡ ಉಬ್ಬಿವೆಯೇ ನೋಡಿ. ಉಬ್ಬು ಮೊದಲು ಹಸಿರು, ಆಮೇಲೆ ಹೊಳೆಯುವ ಗುಲಾಬಿ, ಕೊನೆಗೆ ಮಂಕು ಕಂದು. ಆಗ ಮೈತುಂಬ ಸೂಜಿ ಚುಚ್ಚಿದಂಥ ತೂತು.

ಗುಲಾಬಿ ತಿರುಗಿದ ಉಬ್ಬುಗಳಿರುವ ರೆಂಬೆಯೊಂದನ್ನು ನೀರಿನ ಬಾಟಲಿಯಲ್ಲಿಟ್ಟು, ತೆಳು ಬಟ್ಟೆಯ ಚೀಲ ಕಟ್ಟಿ, ದಿನಾ ನೋಡುತ್ತಿರಿ. ಹೊರಬಂದದ್ದೆಲ್ಲ ಗಂಟು ಕಟ್ಟಿಸಿದ ಕಣಜವೇ ಆಗಿರಬೇಕಿಲ್ಲ. ಅದರ ಮರಿಹುಳುವನ್ನೇ ತಿಂದು ಬೆಳೆಯುವ ಬೇರೆ ಕಣಜಗಳೂ ಅದೇ ಗಂಟಿನಿಂದ ಏಳುತ್ತವೆ.