ಹಿಮ್ಮುಖವಾಗಿ ತಿರುಗುವ ಭೂಮಿ

ನಮ್ಮ ಭೂಮಿಯಂಥದೇ ಇನ್ನೊಂದು ಭೂಮಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಅಲ್ಲಿಯೂ ಹಿಮಾಲಯವು ಭಾರತದ ಉತ್ತರಕ್ಕೇ ಇದೆ. ಸಹ್ಯಾದ್ರಿಯು ಕಡಲಂಚಿನಲ್ಲೇ ನಿಂತಿದೆ. ಖಂಡಗಳು, ಸಾಗರಗಳು, ಸೂರ್ಯನಿಂದಿರುವ ದೂರ, ಅಕ್ಷದ ಓರೆ, ಯಾವುದರಲ್ಲಿಯೂ ವ್ಯತ್ಯಾಸವಿಲ್ಲ. ಭೇದ ಒಂದೇ: ನಮ್ಮ ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಅದು ಪೂರ್ವದಿಂದ ಪಶ್ಚಿಮಕ್ಕೆ. ಸೂರ್ಯನು ಮೂಡುವ ದಿಕ್ಕು ಮೂಡಣ, ಪಡುವ ದಿಕ್ಕು ಪಡುವಣ ಎಂದು ಹೆಸರಿಟ್ಟ ನಮ್ಮ ಹಿರಿಯರು ಅಲ್ಲಿದ್ದಿದ್ದರೆ ಈ ಎರಡು ಹೆಸರುಗಳನ್ನೂ ಅದಲುಬದಲು ಮಾಡಬೇಕಾಗುತ್ತಿತ್ತು.

ಹೆಸರು ಬದಲಾಗುವುದಲ್ಲದೆ ಮತ್ತೇನಾದೀತು ಎನ್ನುವಿರಾ? ಈ ಪ್ರಶ್ನೆಯನ್ನೇ ಜರ್ಮನಿಯ ಹ್ಯಾಂಬರ್ಗ್ ನಗರದ ಮ್ಯಾಕ್ಸ್ ಪ್ಲಾಂಕ್ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕಂಪ್ಯೂಟರಿಗೆ ಒಡ್ಡಿ, ದೊರೆತ ಉತ್ತರವನ್ನು 2018ರಲ್ಲಿ ಪ್ರಕಟಿಸಿದರು. ಅದನ್ನು ತಿಳಿಯಬೇಕಾದರೆ ಮೊದಲು ಗಾಳಿಯ ನಡಿಗೆಯನ್ನು ಅರಿಯಬೇಕು.

ಭೂಮಧ್ಯರೇಖೆಯ ಬಳಿ ನೆಲವು ಗಂಟೆಗೆ ಸುಮಾರು 1,670 ಕಿಲೋಮೀಟರು ವೇಗದಿಂದ ಪೂರ್ವಕ್ಕೆ ಸಾಗುತ್ತಿದೆ. ಧ್ರುವಗಳತ್ತ ಹೋದಂತೆ ಈ ವೇಗ ಕುಗ್ಗುತ್ತದೆ. ಉತ್ತರದಿಂದ ಭೂಮಧ್ಯರೇಖೆಯತ್ತ ಬರುವ ಗಾಳಿಯು ತನಗಿಂತ ವೇಗವಾಗಿ ಓಡುವ ನೆಲದ ಮೇಲೆ ಹಿಂದೆ ಬಿದ್ದು, ಪಶ್ಚಿಮಕ್ಕೆ ಓರೆಯಾಗುತ್ತದೆ. ವಾಣಿಜ್ಯ ಮಾರುತಗಳು ಓರೆಯಾಗಿ ಬೀಸುವುದಕ್ಕೆ ಭೂಮಿಯ ತಿರುಗಾಟವೇ ಕಾರಣವೆಂದು 1735ರಲ್ಲಿ ಇಂಗ್ಲೆಂಡಿನ ಜಾರ್ಜ್ ಹ್ಯಾಡ್ಲಿ ತೋರಿಸಿದನು. ಇಂಥ ಓರೆಯ ಗಣಿತವನ್ನು 1835ರಲ್ಲಿ ಫ್ರಾನ್ಸಿನ ಕೊರಿಯೊಲಿ ನಿರೂಪಿಸಿದನು. ಒಟ್ಟಿನಲ್ಲಿ, ಉತ್ತರಾರ್ಧ ಗೋಳದಲ್ಲಿ ಗಾಳಿ ತನ್ನ ಬಲಕ್ಕೂ ದಕ್ಷಿಣಾರ್ಧದಲ್ಲಿ ಎಡಕ್ಕೂ ಹೊರಳುತ್ತದೆ.

ನಮ್ಮ ಮುಂಗಾರು ಈ ಹೊರಳಿನ ಫಲ. ದಕ್ಷಿಣ ಹಿಂದೂ ಮಹಾಸಾಗರದಿಂದ ಹೊರಟ ಗಾಳಿ ಭೂಮಧ್ಯರೇಖೆಯನ್ನು ದಾಟಿ, ಬಲಕ್ಕೆ ಹೊರಳಿ, ನೈಋತ್ಯ ಮಾರುತವಾಗಿ ಸಹ್ಯಾದ್ರಿಗೆ ಬಂದು ತಾಕುತ್ತದೆ. ಗಾಳಿಗೆ ಮುಖ ಕೊಟ್ಟ ಮಗ್ಗುಲಲ್ಲಿ ಮಳೆ ಸುರಿಯುತ್ತದೆ. ಬೆನ್ನು ಕೊಟ್ಟ ಬಯಲುಸೀಮೆಯು ಮೋಡವನ್ನು ಕಾಯುತ್ತ ಕೂರುತ್ತದೆ. ಹಿಮ್ಮುಖ ಭೂಮಿಯಲ್ಲಾದರೋ ಗಾಳಿ ಹೊರಳುವುದು ಎಡಕ್ಕೆ. ಆಗ ಬೆಟ್ಟದ ಯಾವ ಮಗ್ಗುಲು ಮುಖ, ಯಾವುದು ಬೆನ್ನು ಎಂಬ ಲೆಕ್ಕವೇ ಬೇರೆಯಾಗುತ್ತದೆ.

ಕಂಪ್ಯೂಟರು ಚಿತ್ರಿಸಿದ ಆ ಲೋಕವನ್ನು ಈಗ ನೋಡಿ. ಸಹರಾ ಹಸುರಾಗಿದೆ, ಅರೇಬಿಯದಲ್ಲಿಯೂ ಮಳೆಯಾಗುತ್ತಿದೆ. ಅತ್ತ ಬ್ರೆಜಿಲಿನ ದಕ್ಷಿಣ ಭಾಗ, ಅರ್ಜೆಂಟೈನ, ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಪ್ರಾಂತಗಳು ಮರಳುಗಾಡಾಗಿವೆ. ಆದರೂ ಮರುಭೂಮಿಗಳ ಒಟ್ಟು ವಿಸ್ತಾರ ಸುಮಾರು 4 ಕೋಟಿ 20 ಲಕ್ಷ ಚದರ ಕಿಲೋಮೀಟರಿನಿಂದ 3 ಕೋಟಿ 10 ಲಕ್ಷಕ್ಕೆ ಇಳಿದಿದೆ. ಪಶ್ಚಿಮ ಯೂರೋಪಿಗೆ ಇಂದು ಅಟ್ಲಾಂಟಿಕ್ ಸಾಗರದ ಬಿಸುಪು ದೊರೆಯುತ್ತದೆ. ಅಲ್ಲಿ ಅದು ದೊರೆಯದೆ ಚಳಿಗಾಲ ಕಠೋರವಾಗಿದೆ. ಅಟ್ಲಾಂಟಿಕಿನ ಆಳದ ಪ್ರವಾಹ ಕುಂದಿ, ಆ ಕೆಲಸವನ್ನು ಪೆಸಿಫಿಕ್ ಸಾಗರ ವಹಿಸಿಕೊಂಡಿದೆ.

ಇಲ್ಲದ ಭೂಮಿಯ ಗೊಡವೆ ನಮಗೇಕೆ ಎಂದು ಕೇಳಬಹುದು. ಮರುಭೂಮಿಯಾಗುವುದು ಆಯಾ ನೆಲದ ಹುಟ್ಟುಗುಣವಲ್ಲ, ಗಾಳಿ-ನೀರುಗಳ ಏರ್ಪಾಡು ಎಂಬುದನ್ನು ಈ ಕಲ್ಪನೆ ತಿಳಿಸುತ್ತದೆ. ಇದಕ್ಕೆ ಇತಿಹಾಸದ ಸಾಕ್ಷಿಯೂ ಉಂಟು. ಸುಮಾರು 11,000ದಿಂದ 5,000 ವರ್ಷಗಳ ಹಿಂದೆ ಸಹರಾದಲ್ಲಿ ಹುಲ್ಲೂ ಕೆರೆಗಳೂ ಇದ್ದವು. ಅಲ್ಜೀರಿಯದ ತಸ್ಸಿಲಿ ಬಂಡೆಗಳ ಮೇಲೆ ಅಂದಿನವರು ಬರೆದ ದನಗಳ ಚಿತ್ರಗಳು ಇಂದಿಗೂ ಇವೆ. ಅಂದು ಭೂಮಿ ಹಿಮ್ಮುಖವಾಗಿ ತಿರುಗಲಿಲ್ಲ. ಅದರ ಕಕ್ಷೆ ಮತ್ತು ಅಕ್ಷಗಳಲ್ಲಾದ ನಿಧಾನವಾದ ಅಲ್ಪ ವ್ಯತ್ಯಾಸವೇ ಮಳೆಗಾಳಿಯನ್ನು ಅಲ್ಲಿಗೆ ಎಳೆದಿತ್ತು.

ಭೂಮಿಯ ತಿರುಗಾಟವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಗಾಳಿಯನ್ನು ನಡೆಸುವ ಬಿಸಿಯನ್ನು ನಾವು ಬದಲಿಸುತ್ತಿದ್ದೇವೆ. 1958ರಲ್ಲಿ ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಇಂಗಾಲದ ಡೈಆಕ್ಸೈಡು ಇಂದು 420ನ್ನು ಮೀರಿದೆ. ಇದರ ಪರಿಣಾಮವನ್ನು ಲೆಕ್ಕ ಹಾಕುವುದಕ್ಕೂ ಇಂಥವೇ ಕಂಪ್ಯೂಟರ್ ಮಾದರಿಗಳು ಬೇಕು. ವಿಚಿತ್ರ ಲೋಕಗಳಲ್ಲಿ ಅವನ್ನು ಓಡಿಸಿ ನೋಡುವುದು ಅವುಗಳಿಗೆ ಒಂದು ಪರೀಕ್ಷೆ.

ಮುಂಗಾರು ಕೇರಳದ ತೀರವನ್ನು ಮುಟ್ಟಿತೆಂದು ರೇಡಿಯೋ ವಾರ್ತೆಯಲ್ಲಿ ಕೇಳಿದಾಗ, ಮನೆಯ ಮಕ್ಕಳ ಮುಂದೆ ಭೂಪಟವನ್ನು ಹರಡಿ, ಆ ಗಾಳಿ ಎಲ್ಲಿ ಹೊರಟು ಎಲ್ಲಿ ಬಲಕ್ಕೆ ಹೊರಳಿತೆಂಬುದನ್ನು ಬೆರಳಿಟ್ಟು ತೋರಿಸಿರಿ.